ಹಳೆಯ ನಾಣ್ಯಗಳ ಲೋಹದ ಬೆಲೆ ಕಟ್ಟುವುದು ಹೇಗೆ, ಕರಗಿಸಲು ಕೊಡುವ ಮುನ್ನ ಏನನ್ನು ನೋಡಬೇಕು

ನಮ್ಮಲ್ಲಿ ಹಳೆಯ ನಾಣ್ಯ ಇಲ್ಲದ ಮನೆ ಕಡಿಮೆ. ಟ್ರಂಕಿನ ತಳದ ಬಟ್ಟೆಗಂಟಿನಲ್ಲಿ, ದೇವರ ಕೋಣೆಯ ಕಳಶದೊಳಗೆ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ರಾಣಿ ರೂಪಾಯಿ, ಎಂಟಾಣೆ, ಪಾವಲಿ (ನಾಲ್ಕಾಣೆ), ತೂತು ಕಾಸುಗಳು ತಲೆಮಾರುಗಳಿಂದ ಉಳಿದುಕೊಂಡಿರುತ್ತವೆ. ಮನೆ ಪಾಲಾದಾಗಲೋ ಬೆಳ್ಳಿಯ ದರ ಏರಿದಾಗಲೋ ಅವು ಹೊರಗೆ ಬರುತ್ತವೆ. ಆ ಎರಡೂ ಹೊತ್ತಿನಲ್ಲಿ ಮನೆಯವರಿಗೆ ಅವಸರ ಇರುವುದರಿಂದ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಅಂಗಡಿಯವರ ತಕ್ಕಡಿಗೆ ಸುರಿಯುವುದು ರೂಢಿಯಾಗಿಬಿಟ್ಟಿದೆ. ಹಾಗೆ ಸುರಿದ ರಾಶಿಯಲ್ಲಿ ಬೆಳ್ಳಿಯಲ್ಲದ್ದು ಬೆಳ್ಳಿಯೆಂದೂ, ಹೆಚ್ಚು ಬೆಳ್ಳಿಯದು ಕಡಿಮೆ ಬೆಳ್ಳಿಯದೆಂದೂ, ವಿರಳವಾದದ್ದು ಸಾಮಾನ್ಯವೆಂದೂ ಲೆಕ್ಕಕ್ಕೆ ಸೇರುತ್ತದೆ. ಅಸಲಿ ನಾಣ್ಯವೊಂದಕ್ಕೆ ಅದರಲ್ಲಿರುವ ಲೋಹದ ಬೆಲೆಯಾದರೂ ಸಿಗಲೇಬೇಕು. ಅದಕ್ಕಿಂತ ಮೇಲೆ ಎಷ್ಟು ಸಿಗಬಹುದೆಂಬುದು ಇಸವಿ, ಟಂಕಸಾಲೆ, ಸವೆತ ಇವುಗಳನ್ನು ಅವಲಂಬಿಸುತ್ತದೆ. ಆದ್ದರಿಂದ ಮೊದಲು ಲೋಹದ ಬೆಲೆಯನ್ನು ನಿಖರವಾಗಿ ತಿಳಿದುಕೊಂಡು, ಆಮೇಲೆ ಒಂದೊಂದೇ ನಾಣ್ಯವನ್ನು ಕೈಗೆತ್ತಿಕೊಂಡು ನೋಡುವುದು ಸರಿಯಾದ ಕ್ರಮ.

ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಒಂದು ಬಲವಾದ ಅಯಸ್ಕಾಂತ, ತೆಳುವಾದ ದಾರ, ಒಂದು ಗಾಜಿನ ಲೋಟ ಮತ್ತು ಬರೆದಿಡಲು ಪುಸ್ತಕ ಇದ್ದರೆ ಸಾಕು. ಅಡುಗೆಮನೆಯ ತಕ್ಕಡಿಯಿಂದ ಈ ಕೆಲಸ ಆಗದು.

ಬಿಳಿ ನಾಣ್ಯಗಳನ್ನು ಬೇರ್ಪಡಿಸುವುದು

ತಾಮ್ರ, ಕಂಚು, ಹಿತ್ತಾಳೆಯ ನಾಣ್ಯಗಳು ಬಣ್ಣದಿಂದಲೇ ಗೊತ್ತಾಗುತ್ತವೆ. ತೊಡಕು ಇರುವುದು ಬಿಳಿ ನಾಣ್ಯಗಳಲ್ಲಿ, ಏಕೆಂದರೆ ಬೆಳ್ಳಿ, ನಿಕ್ಕಲ್, ತಾಮ್ರ-ನಿಕ್ಕಲ್ ಮಿಶ್ರಲೋಹ ಮತ್ತು ಸ್ಟೇನ್‌ಲೆಸ್ ಉಕ್ಕು ಇವೆಲ್ಲವೂ ಹಳತಾದ ಮೇಲೆ ಸುಮಾರು ಒಂದೇ ರೀತಿ ಕಾಣುತ್ತವೆ. ಇಲ್ಲಿ ಇಸವಿಯೇ ಮುಖ್ಯ ದಾರಿ.

ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ತನ್ನ ಆಡಳಿತದ ಭಾಗಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ತಂದಿತು. ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ಶೇಕಡಾ 91.67ರಷ್ಟು, ಬೆಳ್ಳಿ. ಚಿನಿವಾರರ ತೊಲದ ತೂಕವೂ ಇದೇ ಆಗಿದ್ದುದರಿಂದ ಬಹಳ ಕಾಲ ರೂಪಾಯಿಯನ್ನೇ ತಕ್ಕಡಿಯಲ್ಲಿ ತೊಲದ ಬಟ್ಟಾಗಿ ಇಡುತ್ತಿದ್ದರು. ನಾಲ್ಕನೆಯ ವಿಲಿಯಂನ 1835ರ ರೂಪಾಯಿ, ವಿಕ್ಟೋರಿಯಾಳ 1840 ಮತ್ತು 1862ರ ರೂಪಾಯಿಗಳು, 1877ರಿಂದ ‘ಎಂಪ್ರೆಸ್’ ಎಂಬ ಬಿರುದಿನೊಡನೆ ಬಂದವು, ಏಳನೆಯ ಎಡ್ವರ್ಡನ 1903ರಿಂದ 1910ರವರೆಗಿನವು, ಐದನೆಯ ಜಾರ್ಜನ 1911ರ ನಂತರದವು, ಆರನೆಯ ಜಾರ್ಜನ 1938 ಮತ್ತು 1939ರವು, ಇವೆಲ್ಲವೂ ಇದೇ ಮಟ್ಟದ ಬೆಳ್ಳಿಯವು. ಒಂದೊಂದರಲ್ಲೂ ಹೊಸದಿದ್ದಾಗ 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತಿತ್ತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಜನ ಬೆಳ್ಳಿ ರೂಪಾಯಿಯನ್ನು ಕೂಡಿಡತೊಡಗಿದರು, ಸರ್ಕಾರಕ್ಕೂ ಬೆಳ್ಳಿಯ ಅಭಾವ ಕಾಡಿತು. 1940ರಿಂದ 1945ರವರೆಗಿನ ರೂಪಾಯಿಗಳು ತೂಕದಲ್ಲಿ ಅದೇ 11.66 ಗ್ರಾಂ ಆದರೂ ಅವುಗಳಲ್ಲಿ ಬೆಳ್ಳಿ ಶೇಕಡಾ 50 ಮಾತ್ರ. ಉಳಿದದ್ದು ಶೇಕಡಾ 40 ತಾಮ್ರ, ತಲಾ ಶೇಕಡಾ 5 ನಿಕ್ಕಲ್ ಮತ್ತು ಸತು. ಇವುಗಳ ಅಂಚನ್ನು ನೋಡಿದರೆ ಗೀರುಗಳ ನಡುವೆ ಸುತ್ತಲೂ ಒಂದು ತೋಡು ಹರಿದಿರುವುದು ಕಾಣುತ್ತದೆ. ಅದನ್ನು ನಕಲಿ ತಡೆಯಲೆಂದು ಇಟ್ಟದ್ದು. 1947ರ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಅದು ಶುದ್ಧ ನಿಕ್ಕಲ್. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿಯೆಂದು ನಂಬಿ ಜೋಪಾನ ಮಾಡಿದವರು ಬಹಳ ಮಂದಿ. ಅಯಸ್ಕಾಂತ ಹತ್ತಿರ ಹಿಡಿದರೆ ಅದು ಟಕ್ಕನೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ. ಆದರೆ ಅಂಟದ್ದೆಲ್ಲ ಬೆಳ್ಳಿಯಲ್ಲ ಎಂಬುದನ್ನೂ ಜೊತೆಗೇ ನೆನಪಿಡಬೇಕು, ಏಕೆಂದರೆ ತಾಮ್ರ-ನಿಕ್ಕಲ್ ಮಿಶ್ರಲೋಹವೂ ಅಂಟುವುದಿಲ್ಲ. 1918ರಿಂದ ಬಂದ ಚೌಕದ ಎರಡಾಣೆ, 1919ರ ಎಂಟು ಮೂಲೆಯ ನಾಲ್ಕಾಣೆ, 1919-20ರ ದುಂಡನೆಯ ಎಂಟಾಣೆ ಇವು ಆ ಮಿಶ್ರಲೋಹದವು. ಕೊನೆಯದಂತೂ ಬೆಳ್ಳಿಯ ಎಂಟಾಣೆಯ ರಾಶಿಯಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ.

ಸ್ವಾತಂತ್ರ್ಯದ ನಂತರದ ಸಾಮಾನ್ಯ ನಾಣ್ಯಗಳಲ್ಲಿ ಬೆಳ್ಳಿ ಇಲ್ಲ. 1964ರ ನೆಹರೂ ರೂಪಾಯಿ ನಿಕ್ಕಲ್‌ನದು. 1969ರ ಗಾಂಧಿ ಶತಮಾನೋತ್ಸವದ ನಾಣ್ಯಗಳಲ್ಲಿ 20 ಪೈಸೆ, 50 ಪೈಸೆ, 1 ರೂಪಾಯಿ, 10 ರೂಪಾಯಿ ಎಂಬ ನಾಲ್ಕು ಬಗೆ ಇದ್ದು, 10 ರೂಪಾಯಿಯದು ಮಾತ್ರ ಬೆಳ್ಳಿ: ತೂಕ 15 ಗ್ರಾಂ, ಶೇಕಡಾ 80 ಬೆಳ್ಳಿ, ಅಂದರೆ 12 ಗ್ರಾಂ. ಸ್ವಾತಂತ್ರ್ಯದ ರಜತೋತ್ಸವದ 1972ರ 10 ರೂಪಾಯಿ 22.5 ಗ್ರಾಂ ತೂಗಿದರೂ ಬೆಳ್ಳಿ ಅರ್ಧವೇ, 11.25 ಗ್ರಾಂ. ನೋಡಲು ದೊಡ್ಡದಾದ ನಾಣ್ಯದಲ್ಲಿ ಬೆಳ್ಳಿ ಕಡಿಮೆ ಇರಬಹುದೆಂಬುದಕ್ಕೆ ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ತೂಕ ಮತ್ತು ನೀರಿನ ಪರೀಕ್ಷೆ

ಮೊದಲು ಪ್ರತಿಯೊಂದು ನಾಣ್ಯವನ್ನೂ ಬೇರೆಬೇರೆಯಾಗಿ ತೂಗಿ ಬರೆದಿಡಿ. ಒಂದು ರೂಪಾಯಿಗೆ 11.66, ಅರ್ಧ ರೂಪಾಯಿಗೆ 5.83, ಪಾವಲಿಗೆ 2.92, ಬೆಳ್ಳಿಯ ಎರಡಾಣೆಗೆ 1.46 ಗ್ರಾಂ ಎಂಬುದು ಮೂಲ ತೂಕ. ಚಲಾವಣೆಯಲ್ಲಿ ಸವೆದ ರೂಪಾಯಿ 11.5 ಅಥವಾ 11.4ಕ್ಕೆ ಇಳಿದಿರುವುದು ಸಹಜ. ಮೂಲ ತೂಕಕ್ಕಿಂತ ಹೆಚ್ಚು ತೂಗಿದರೆ, ಅಥವಾ ಅಕ್ಷರಗಳೆಲ್ಲ ಚೂಪಾಗಿದ್ದೂ ಅರ್ಧ ಗ್ರಾಂ ಕಡಿಮೆ ತೂಗಿದರೆ, ಅದನ್ನು ಪ್ರತ್ಯೇಕವಾಗಿ ಇಡಿ.

ತೂಕ ಸರಿಯಿದ್ದ ಮಾತ್ರಕ್ಕೆ ಲೋಹ ಸರಿಯೆಂದು ಹೇಳಲಾಗದು. ಅದಕ್ಕೆ ನೀರಿನ ಪರೀಕ್ಷೆ ಇದೆ. ನಾಣ್ಯಕ್ಕೆ ಯಾವ ಹಾನಿಯನ್ನೂ ಮಾಡದ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೂಚಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುದಾರದಲ್ಲಿ ಕಟ್ಟಿ, ಒಮ್ಮೆ ಒದ್ದೆ ಮಾಡಿ ಗುಳ್ಳೆಗಳನ್ನು ಹೋಗಲಾಡಿಸಿ, ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ತೂಗುಹಾಕಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ನಾಣ್ಯದ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ನಾಣ್ಯದ ಒಣತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 11.60 ಗ್ರಾಂ ತೂಗುವ ವಿಕ್ಟೋರಿಯಾ ರೂಪಾಯಿ ಅಸಲಿಯಾಗಿದ್ದರೆ ನೀರಿನಲ್ಲಿ 1.12 ಅಥವಾ 1.13 ತೋರಿಸುತ್ತದೆ, ಸಾಂದ್ರತೆ 10.3ರ ಆಸುಪಾಸು ಬರುತ್ತದೆ. 1940ರ ದಶಕದ ಅರ್ಧ ಬೆಳ್ಳಿಯ ರೂಪಾಯಿಗೆ 9.5ರ ಹತ್ತಿರ ಬರಬೇಕು. ತಾಮ್ರ-ನಿಕ್ಕಲ್‌ನ ನಕಲಿಯಾದರೆ ನೀರಿನ ಸೂಚಿ 1.30ಕ್ಕೆ ಏರಿ, ಸಾಂದ್ರತೆ 8.9ಕ್ಕೆ ಇಳಿಯುತ್ತದೆ. ಮೇಲೆ ಬೆಳ್ಳಿಯ ಲೇಪ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕ ಅದನ್ನು ಬಯಲು ಮಾಡುತ್ತದೆ.

ಸಣ್ಣ ನಾಣ್ಯಗಳಲ್ಲಿ ಒಂದು ಎಚ್ಚರ ಬೇಕು. ಪಾವಲಿಯ ಗಾತ್ರ 0.28 ಮಾತ್ರ ಇರುವುದರಿಂದ ತಕ್ಕಡಿಯ ಅತಿ ಸಣ್ಣ ತಪ್ಪೂ ಉತ್ತರವನ್ನು ಶೇಕಡಾ ಮೂರು ನಾಲ್ಕರಷ್ಟು ಅಲುಗಿಸುತ್ತದೆ. ಒಂದೇ ಬಗೆಯ ನಾಲ್ಕೈದು ಪಾವಲಿಗಳನ್ನು ಒಟ್ಟಿಗೆ ಕಟ್ಟಿ ಮುಳುಗಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ನಾಣ್ಯವನ್ನು ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯ ನಡುವೆ ಒತ್ತಿ ಒಣಗಿಸಬೇಕು.

ಅನುಮಾನ ಇನ್ನೂ ಉಳಿದರೆ ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ (ಎಕ್ಸ್ ಕಿರಣ ಹಾಯಿಸಿ ಲೋಹ ಗುರುತಿಸುವ ಯಂತ್ರ) ಪರೀಕ್ಷಿಸಿಕೊಳ್ಳಬಹುದು. ಅದು ನಾಣ್ಯವನ್ನು ಗೀಚುವುದಿಲ್ಲ, ಕತ್ತರಿಸುವುದಿಲ್ಲ. ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ, ಆದ್ದರಿಂದ ಲೇಪವಿದ್ದ ನಾಣ್ಯದಲ್ಲಿ ಅದರ ಮಾತನ್ನು ನೀರಿನ ಪರೀಕ್ಷೆಯ ಜೊತೆಗಿಟ್ಟೇ ನಂಬಬೇಕು. ಒರೆಗಲ್ಲಿಗೆ ಉಜ್ಜುವುದನ್ನೂ ಆಮ್ಲ ಹಾಕುವುದನ್ನೂ ಕರಗಿಸುವುದೆಂದು ತೀರ್ಮಾನವಾದ ನಾಣ್ಯಕ್ಕೆ ಮಾತ್ರ ಒಪ್ಪಬೇಕು.

ಬೆಲೆಯ ಲೆಕ್ಕ

ಲೆಕ್ಕ ಸರಳ: ನಾಣ್ಯದ ಈಗಿನ ತೂಕ, ಗುಣಿಸು ಬೆಳ್ಳಿಯ ಪಾಲು, ಗುಣಿಸು ಆ ದಿನದ ಗ್ರಾಂ ದರ. ಪತ್ರಿಕೆಯಲ್ಲಿ ಕಾಣುವ ದರ ಶುದ್ಧ ಬೆಳ್ಳಿಯದು ಎಂಬುದನ್ನು ಮರೆಯಬಾರದು. ಲೆಕ್ಕದ ಅನುಕೂಲಕ್ಕಾಗಿ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. 11.50 ಗ್ರಾಂಗೆ ಇಳಿದ ಎಡ್ವರ್ಡ್ ರೂಪಾಯಿಯಲ್ಲಿ 10.54 ಗ್ರಾಂ ಬೆಳ್ಳಿ ಇದ್ದು, ಅದರ ಬೆಲೆ 1,054 ರೂಪಾಯಿ. ಅಷ್ಟೇ ತೂಗುವ 1944ರ ರೂಪಾಯಿಯಲ್ಲಿ 5.75 ಗ್ರಾಂ, 575 ರೂಪಾಯಿ. 1969ರ ಗಾಂಧಿ ನಾಣ್ಯ 1,200 ರೂಪಾಯಿ. ಗ್ರಾಂ ದರ ಏನೇ ಆಗಲಿ, ಇವುಗಳ ನಡುವಿನ ಪ್ರಮಾಣ ಬದಲಾಗುವುದಿಲ್ಲ.

ಕೊಳ್ಳುವವರು ಕರಗಿಸುವ ಖರ್ಚಿಗೆ, ಶುದ್ಧೀಕರಣದಲ್ಲಿ ಆಗುವ ನಷ್ಟಕ್ಕೆ, ತಮ್ಮ ಲಾಭಕ್ಕೆಂದು ಸ್ವಲ್ಪ ಮುರಿದುಕೊಳ್ಳುತ್ತಾರೆ; ಅದು ನ್ಯಾಯವೇ. ನ್ಯಾಯವಲ್ಲದ್ದು ಎಲ್ಲ ರೂಪಾಯಿಗಳನ್ನೂ ಒಟ್ಟಿಗೆ ತೂಗಿ ಸರಾಸರಿ ಟಚ್ (ಲೋಹದ ಶುದ್ಧತೆಯ ಪಾಲು) ಹೇಳುವುದು. 1939ರವರೆಗಿನದು, 1940ರಿಂದ 1945ರವರೆಗಿನದು, 1946ರ ನಂತರದ್ದು ಎಂದು ಮೂರು ಪೊಟ್ಟಣಗಳನ್ನು ಮನೆಯಲ್ಲೇ ಮಾಡಿಕೊಂಡು, ಒಂದೊಂದರ ಮೇಲೂ ತೂಕ ಬರೆದುಕೊಂಡು ಹೋದವರಿಗೆ ಈ ನಷ್ಟ ಆಗುವುದಿಲ್ಲ.

ಕೊಕ್ಕೆ ಬೆಸೆದ ನಾಣ್ಯಗಳ ಮಾತು ಬೇರೆ. ರೂಪಾಯಿ ಸರಗಳಿಂದ, ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಿಂದ ಬಿಡಿಸಿದ ನಾಣ್ಯಗಳಲ್ಲಿ ಬೆಸುಗೆಯ ಲೋಹ ಸೇರಿರುತ್ತದೆ, ಅಂಚಿನ ಆ ಭಾಗ ಹಾಳಾಗಿರುತ್ತದೆ. ಅಂಥವನ್ನು ಸಂಗ್ರಾಹಕರು ಸಾಮಾನ್ಯವಾಗಿ ಬಯಸುವುದಿಲ್ಲ, ಲೋಹದ ಬೆಲೆಯೇ ಅವುಗಳ ಬೆಲೆ. ಸರ ಇನ್ನೂ ಇಡಿಯಾಗಿ ಉಳಿದಿದ್ದರೆ ಮಾತ್ರ ದಯವಿಟ್ಟು ಬಿಡಿಸಬೇಡಿ. ಹಳೆಯ ಕೈಕೆಲಸದ ಒಡವೆಯಾಗಿ ಅದಕ್ಕೆ ನಾಣ್ಯಗಳ ಮೊತ್ತಕ್ಕಿಂತ ಹೆಚ್ಚಿನ ಬೆಲೆಯಿದೆ, ಮತ್ತು ಅಂಥ ಸರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಯಾವುದನ್ನು ಕರಗಿಸಬಾರದು

ಐದನೆಯ ಜಾರ್ಜನ 1916, 1917, 1918ರ ರೂಪಾಯಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದವು. ಮೊದಲ ಮಹಾಯುದ್ಧದ ಖರ್ಚಿಗೆ ಬೆಳ್ಳಿ ಸಾಲದೆ ಬ್ರಿಟನ್ ಅಮೆರಿಕದ ಮೊರೆಹೊಕ್ಕಾಗ, 1918ರಲ್ಲಿ ಅಮೆರಿಕ ಕಾನೂನು ಮಾಡಿ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಮಾರಿತು. ಆ ಬೆಳ್ಳಿ ಭಾರತದ ರೂಪಾಯಿಗಾಗಿ ಹಡಗೇರಿತು. ಹೀಗಾಗಿ ಈ ಇಸವಿಗಳ ಸವೆದ ರೂಪಾಯಿಗೆ ಲೋಹದ ಬೆಲೆಗಿಂತ ಹೆಚ್ಚೇನೂ ಸಿಗದು. ಅವುಗಳನ್ನು ಮಾರಲು ಹಿಂಜರಿಯಬೇಕಾಗಿಲ್ಲ.

ಆದರೆ 1911ರದ್ದು ಸಿಕ್ಕರೆ ತಡೆಯಿರಿ. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಮುಂದಿನ ವರ್ಷ ಅಚ್ಚನ್ನು ತಿದ್ದಿದರು. ಭೂತಗನ್ನಡಿಯಲ್ಲಿ ನೋಡಿದರೆ 1911ರ ಆನೆಯ ಸೊಂಡಿಲು ಮೋಟಾಗಿರುವುದು ಕಾಣುತ್ತದೆ. 1939ರ ರೂಪಾಯಿ ಇನ್ನೂ ವಿರಳ. ಅದಕ್ಕೇ ಅದರ ನಕಲಿಗಳೂ ಹೆಚ್ಚು, ಆದ್ದರಿಂದ ತಿಳಿದವರಿಗೆ ತೋರಿಸದೆ ಕೊಳ್ಳಲೂ ಬಾರದು, ಮಾರಲೂ ಬಾರದು. ‘1862’ ಎಂಬ ಇಸವಿಯ ರೂಪಾಯಿಗಳನ್ನು ಅದೇ ಇಸವಿಯಲ್ಲಿ ಮುಂದಿನ ಹನ್ನೆರಡು ವರ್ಷವೂ ಅಚ್ಚು ಹಾಕಿದರು. ಇಸವಿಯ ಕೆಳಗೂ ಮೇಲೂ ಇರುವ ಚುಕ್ಕೆಗಳ ಸಂಖ್ಯೆಯಿಂದ ಅವುಗಳಲ್ಲಿ ಹಲವು ಬಗೆ ಇವೆ, ಕೆಲವು ಬಗೆ ಅಪರೂಪ. ಟಂಕಸಾಲೆಯ ಗುರುತನ್ನೂ ಹುಡುಕಬೇಕು. ಎಡ್ವರ್ಡ್ ರೂಪಾಯಿಯಲ್ಲಿ ತಗ್ಗಾಗಿ ಒತ್ತಿದ ‘ಬಿ’ ಅಕ್ಷರ ಮುಂಬಯಿಯದು, ಗುರುತಿಲ್ಲದ್ದು ಕಲ್ಕತ್ತಾದ್ದು. 1940ರ ದಶಕದ ‘ಎಲ್’ ಲಾಹೋರಿನದು. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೊಲ್ಕತ್ತಾ.

ಕನ್ನಡನಾಡಿನ ನಾಣ್ಯಗಳನ್ನು ಲೋಹದ ಲೆಕ್ಕಕ್ಕೆ ಒಪ್ಪಿಸುವುದು ನನಗೆ ಸಹಿಸಲಾಗದ ಮಾತು. ಟಿಪ್ಪುವಿನ ಆನೆಯ ಚಿತ್ರದ ತಾಮ್ರದ ಪೈಸೆ ಸುಮಾರು 11 ಗ್ರಾಂ ತೂಗುತ್ತದೆ. ಗುಜರಿ ಅಂಗಡಿಯಲ್ಲಿ ಅದಕ್ಕೆ ಸಿಗುವುದು ಒಂದು ಚಹಾದ ದುಡ್ಡೂ ಅಲ್ಲ. ಅದೇ ಪೈಸೆಯ ಮೇಲೆ ಟಂಕಸಾಲೆಯ ಊರಿನ ಹೆಸರಿರುತ್ತದೆ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿಕೊಂಡರೆ ವರ್ಷವೂ ತಿಳಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಬರೆದಿದೆ. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯ ಹಣ ಅರ್ಧ ಗ್ರಾಂ ಕೂಡ ತೂಗದ ಚಿನ್ನದ ಚೂರು. ಅದನ್ನು ಕರಗಿಸಿದರೆ ಮೂಗುಬೊಟ್ಟಿಗೂ ಸಾಲದು. ಕಿಲುಬು ಹಿಡಿದ ತಾಮ್ರದ ಬಿಲ್ಲೆಗಳನ್ನು ಗುಜರಿಯವರಿಗೆ ಹಾಕುವ ಮುನ್ನ ಒಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಆನೆಯ ಬೆನ್ನೋ ಕನ್ನಡದ ಒಂದು ಅಕ್ಷರವೋ ಕಂಡರೆ ಅದನ್ನು ಬೇರೆ ಎತ್ತಿಡಿ. ಹೋಲಿಸಿ ನೋಡಲು ಉಡುಪಿಯಲ್ಲಿ ಹಿಂದಿನ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ಒಳ್ಳೆಯ ಜಾಗ.

ಯಾವ ನಾಣ್ಯವನ್ನೂ ತೊಳೆದು ಹೊಳಪು ಕೊಡಬೇಡಿ. ಹುಣಸೆಹಣ್ಣು, ನಿಂಬೆ, ವಿಭೂತಿ, ಹಲ್ಲುಜ್ಜುವ ಪೇಸ್ಟು ಇವು ದೇವರ ಪಾತ್ರೆಗೆ ಸರಿ. ಬೆಳ್ಳಿಯ ಮೇಲೆ ದಶಕಗಳಿಂದ ಕೂತ ಕಪ್ಪು-ನೀಲಿ ಪದರವನ್ನು ಸಂಗ್ರಾಹಕರು ಅಸಲಿತನದ ಗುರುತಾಗಿ ನೋಡುತ್ತಾರೆ; ಉಜ್ಜಿ ಬೆಳ್ಳಗೆ ಮಾಡಿದ ವಿರಳ ನಾಣ್ಯದ ಬೆಲೆ ಒಂದೇ ಬೆಳಗಿನಲ್ಲಿ ಅರ್ಧಕ್ಕೂ ಕೆಳಗೆ ಬೀಳಬಹುದು.

ತಾಮ್ರ, ನಿಕ್ಕಲ್, ಅಲ್ಯೂಮಿನಿಯಂ

1906ಕ್ಕೆ ಹಿಂದಿನ ಕಾಲಾಣೆ 6.47 ಗ್ರಾಂನ ತಾಮ್ರ. ಒಂದು ಕಿಲೋಗೆ ಸುಮಾರು 155 ನಾಣ್ಯ ಬೇಕು. ಆಮೇಲಿನದು 4.86 ಗ್ರಾಂನ ಕಂಚು. ಇವುಗಳಲ್ಲಿ ಅತಿ ಸಾಮಾನ್ಯವಾದದ್ದಕ್ಕೂ ನಾಣ್ಯ ಸಂಗ್ರಾಹಕರು ಗುಜರಿ ದರಕ್ಕಿಂತ ಹೆಚ್ಚು ಕೊಡುತ್ತಾರೆ. 5 ಪೈಸೆಯ ಅಲ್ಯೂಮಿನಿಯಂ ನಾಣ್ಯ 1.5 ಗ್ರಾಂ; ಕಿಲೋಗೆ 667 ನಾಣ್ಯ, ಮುಖಬೆಲೆ 33 ರೂಪಾಯಿ. ಲೋಹದ ಬೆಲೆ ಮುಖಬೆಲೆಯನ್ನು ಮೀರಿದ ಮೇಲೆ ಇಂಥ ನಾಣ್ಯ ಚಲಾವಣೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಕಮಲದ ಚಿತ್ರದ 20 ಪೈಸೆಯಲ್ಲಿ ಚಿನ್ನವಿದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದರ ಹಳದಿ ಬಣ್ಣ ತಾಮ್ರದ ಮಿಶ್ರಲೋಹದ್ದು.

ಕಾನೂನು

2011ರ ನಾಣ್ಯ ಕಾಯ್ದೆಯು ಸರ್ಕಾರಿ ನಾಣ್ಯವನ್ನು ಕರಗಿಸುವುದನ್ನೂ ನಾಶಮಾಡುವುದನ್ನೂ ನಿಷೇಧಿಸುತ್ತದೆ. ಏಳು ವರ್ಷದವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಹಾಗಾಗಿ ಸ್ವಾತಂತ್ರ್ಯದ ನಂತರದ ನಾಣ್ಯಗಳ ಲೋಹದ ಲೆಕ್ಕ ತಿಳಿವಳಿಕೆಗಾಗಿ ಇರಲಿ, ಮೂಸೆಯ ಹತ್ತಿರ ಅವು ಹೋಗಬಾರದು. ನೂರು ವರ್ಷ ತುಂಬಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು, ಮತ್ತು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ ಅಜ್ಜಿಯ ನೆನಪೆಂದು ರಾಣಿ ರೂಪಾಯಿಯನ್ನು ಸೂಟ್‌ಕೇಸಿನಲ್ಲಿಟ್ಟು ಕಳುಹಿಸುವವರು ಇದನ್ನು ಗಮನಿಸಬೇಕು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನೆಲದಲ್ಲಿ ಸಿಕ್ಕ ನಾಣ್ಯಗಳು ನಿಧಿ ಕಾಯ್ದೆಗೆ ಒಳಪಡುತ್ತವೆ. ಅವುಗಳನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಮೋಸಗಳು

ರಾಮ, ಸೀತೆ, ಹನುಮಂತರ ಚಿತ್ರದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818ರಂಥ ಇಸವಿಯೂ ಇರುವ ಬಿಲ್ಲೆಗಳನ್ನು ಕಂಪನಿ ಎಂದೂ ಅಚ್ಚು ಹಾಕಿಲ್ಲ. ಅವು ಆಮೇಲೆ ಮಾಡಿದ ಟೋಕನ್‌ಗಳು. ಇಂಥವನ್ನೇ ‘ಅಕ್ಕಿ ಎಳೆಯುವ ನಾಣ್ಯ’ವೆಂದು ತೋರಿಸಿ ಲಕ್ಷಗಟ್ಟಲೆ ಕೀಳುವ ರೈಸ್ ಪುಲ್ಲಿಂಗ್ ಜಾಲಗಳು ನಮ್ಮ ರಾಜ್ಯದಲ್ಲಿ ಅನೇಕರನ್ನು ಬೀದಿಗೆ ತಂದಿವೆ. ಅಕ್ಕಿಯನ್ನು ಎಳೆಯುವ ಗುಣ ಯಾವ ನಾಣ್ಯದ ಲೋಹಕ್ಕೂ ಇಲ್ಲ. ವೈಷ್ಣೋದೇವಿಯ ಚಿತ್ರದ 5 ರೂಪಾಯಿಗೆ ಲಕ್ಷಾಂತರ ಕೊಡುತ್ತೇವೆಂದು ಫೋನ್ ಮಾಡಿ, ಮೊದಲು ನೋಂದಣಿ ಶುಲ್ಕವನ್ನೋ ತೆರಿಗೆಯನ್ನೋ ಕಟ್ಟಿಸಿಕೊಳ್ಳುವವರೂ ಇದ್ದಾರೆ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕೊಳ್ಳುವವನು ಮಾರುವವನಿಂದ ಹಣ ಕೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಎರಕ ಹೊಯ್ದ ನಕಲಿಗಳನ್ನು ಭೂತಗನ್ನಡಿಯೇ ಹಿಡಿದುಕೊಡುತ್ತದೆ: ಬಯಲು ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕುಳಿಗಳು, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಕರಗಿದಂತೆ ಮೊಂಡಾದ ಅಕ್ಷರಗಳು.

ಅಂಗಡಿಗೆ ಹೋದಾಗ

ಕರಗಿಸಬಹುದೆಂದು ಉಳಿದ ಬ್ರಿಟಿಷ್ ಕಾಲದ ಸವೆದ ಬೆಳ್ಳಿ ನಾಣ್ಯಗಳನ್ನು ಮೊದಲು ಪರವಾನಗಿ ಇರುವ ನಾಣ್ಯ ವ್ಯಾಪಾರಿಗೆ ತೋರಿಸಿ, ಬಳಿಕ ಎರಡು ಮೂರು ಚಿನಿವಾರರ ಅಂಗಡಿಗಳಲ್ಲಿ ವಿಚಾರಿಸಿ. ಕೇಳಬೇಕಾದದ್ದು ಮೂರು: ಎಷ್ಟು ಟಚ್ ಎಂದು ಹಿಡಿಯುತ್ತೀರಿ, ಇಂದಿನ ಯಾವ ದರ, ಎಷ್ಟು ಮುರಿದುಕೊಳ್ಳುತ್ತೀರಿ. ಉತ್ತರಗಳನ್ನು ನಿಮ್ಮ ಪುಸ್ತಕದ ಲೆಕ್ಕದ ಪಕ್ಕದಲ್ಲಿ ಬರೆದುಕೊಳ್ಳಿ. ಟಚ್ ನೋಡಲೆಂದು ಕೆಲವರು ನಾಣ್ಯದ ಅಂಚನ್ನು ಅರದಿಂದ ಉಜ್ಜುತ್ತಾರೆ ಅಥವಾ ಉಳಿಯಿಂದ ಕಚ್ಚು ಹಾಕುತ್ತಾರೆ. ಬೆಲೆಯ ಮಾತು ಮುಗಿಯುವವರೆಗೆ ಅದಕ್ಕೆ ಬಿಡಬೇಡಿ, ಏಕೆಂದರೆ ಕಚ್ಚು ಬಿದ್ದ ನಾಣ್ಯವನ್ನು ವಾಪಸು ತಂದರೂ ಮುಂದೆ ಅದಕ್ಕೆ ಬೆಳ್ಳಿಯ ಬೆಲೆಯಷ್ಟೇ. ತೂಕ ನಿಮ್ಮ ಕಣ್ಣೆದುರಿಗೇ ಆಗಲಿ, ಪೊಟ್ಟಣಕ್ಕೊಂದರಂತೆ ಬೇರೆಬೇರೆಯಾಗಿ ಆಗಲಿ. ತೂಕ, ಟಚ್, ದರ ಮೂರೂ ನಮೂದಾದ ರಸೀದಿಯನ್ನು ಪಡೆದ ಮೇಲೆಯೇ ನಾಣ್ಯಗಳನ್ನು ಬಿಟ್ಟುಕೊಡಿ.